ಮಂಗನ ಕಾಯಿಲೆ ಯಾರ ವಿಷಯ?

1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಕಾಡಂಚಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಸುದ್ದಿ ತಿಳಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ದಿಗಿಲಾಯಿತು, ಅದಕ್ಕೆ ತಕ್ಕ ಕಾರಣವೂ ಇತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮೊದಲು ಮಂಗಗಳನ್ನು ಕೊಂದು ಆಮೇಲೆ ಮನುಷ್ಯರ ಕಡೆ ತಿರುಗುವ ಕಾಯಿಲೆಯೆಂದರೆ ಹಳದಿ ಜ್ವರ. ಭಾರತದಲ್ಲಿ ಅದು ಇರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಊರೂರಿನಲ್ಲೂ ಇತ್ತು, ಅದನ್ನು ತಡೆದುಕೊಳ್ಳುವ ಶಕ್ತಿಯಿಲ್ಲದ ಕೋಟಿಗಟ್ಟಲೆ ಜನರಿದ್ದರು.

ಆ ಕೇಂದ್ರವನ್ನು ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ 1952ರಲ್ಲಿ ಕಟ್ಟಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದರದೇ ಮುಂದುವರಿಕೆ. ಟೆಲ್ಫರ್ಡ್ ವರ್ಕ್ ನೇತೃತ್ವದ ತಂಡ ಮಲೆನಾಡಿಗೆ ಬಂದು, ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಾಣುವನ್ನು ಕೆಲವೇ ವಾರಗಳಲ್ಲಿ ಬೇರ್ಪಡಿಸಿತು. ಹಳದಿ ಜ್ವರ ಅಲ್ಲವೆಂದು ಖಚಿತವಾಯಿತು. ಆದರೆ ಸಿಕ್ಕ ಉತ್ತರ ಇನ್ನೂ ವಿಚಿತ್ರವಾಗಿತ್ತು. ಈ ವೈರಾಣುವಿನ ಹತ್ತಿರದ ನಂಟರು 1937ರಲ್ಲಿ ಸೋವಿಯತ್ ರಷ್ಯಾದ ಪೂರ್ವ ತುದಿಯ ಹಿಮಕಾಡುಗಳಲ್ಲಿ ಪತ್ತೆಯಾಗಿದ್ದವು. ಅಲ್ಲಿ ಅವನ್ನು ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಮಲೆನಾಡಿನವರು ಉಣುಗು ಎನ್ನುವ ಉಣ್ಣೆ.

ಸೈಬೀರಿಯಾದ ಕಡೆಯ ವೈರಾಣು ಸೊರಬಕ್ಕೆ ಹೇಗೆ ಬಂತು? ವೈರಾಣು ತಜ್ಞರು ತಮ್ಮ ಪ್ರಯೋಗಾಲಯದೊಳಗೇ ಕುಳಿತು ಉತ್ತರಿಸಬಹುದಾದ ಪ್ರಶ್ನೆ ಅದಾಗಿರಲಿಲ್ಲ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗಡಿಗರು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಆಯ್ದು ಪರೀಕ್ಷೆಗೆ ಕಳಿಸಿದರು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದರ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಆ ಉಂಗುರಗಳಿಂದ ಸಿಕ್ಕಿದ್ದು. ಮುಂದೆ ಇದೇ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಬಂದು, 1970ರ ದಶಕದಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದಿತು. ಅನುಮಾನ ಪಡಬಾರದಿತ್ತು ಎನ್ನಲಾರೆ. ಶೀತಲ ಸಮರದ ಕಾಲದಲ್ಲಿ ಇನ್ನೊಂದು ದೇಶದ ಸೇನೆ ನಮ್ಮ ಹಕ್ಕಿಗಳ ಮೈಮೇಲಿನ ವೈರಾಣುಗಳಲ್ಲಿ ಆಸಕ್ತಿ ತೋರಿಸಿದರೆ ಪ್ರಶ್ನೆ ಏಳುವುದು ಸಹಜ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಸಾಗರದ ಕ್ಷೇತ್ರ ಕೇಂದ್ರದಲ್ಲಿ ನಡೆದ ಕೆಲಸ. ಹೆರಾಲ್ಡ್ ಟ್ರಾಪಿಡೊ, ಹೋರ್ಹೆ ಬೋಶೆಲ್, ಪಿ.ಕೆ. ರಾಜಗೋಪಾಲನ್ ಮೊದಲಾದವರು ವರ್ಷಗಟ್ಟಲೆ ಅಲ್ಲಿನ ಕಾಡು ಸುತ್ತಿದರು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗುಗಳನ್ನು ಎಣಿಸಿದರು. ಇಲಿ, ಮೂಗಿಲಿ, ಅಳಿಲು, ಮುಳ್ಳುಹಂದಿಗಳನ್ನು ಹಿಡಿದು ನೋಡಿದರು. ಈ ಕಾಯಿಲೆಯ ಕಥೆಯೆಂದು ಇವತ್ತು ನಾವು ಹೇಳುವುದರಲ್ಲಿ ಬಹುಪಾಲು ಆಗ ಕಂಡುಕೊಂಡದ್ದೇ.

ಆ ಕಥೆ ಹೀಗಿದೆ. ಮುಖ್ಯ ಅಪರಾಧಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಅದು ಬಾಳಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ, ಒಂದೊಂದು ಸಲವೂ ಬೇರೆ ಬೇರೆ ಪ್ರಾಣಿಯ ಮೈಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯಿಂದ ಹೊರಬರುವ ಮರಿಗಳು ಸಣ್ಣ ಪ್ರಾಣಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಅವು ಎರಡನೆಯ ಹಂತಕ್ಕೆ ಬೆಳೆದು, ಎಳ್ಳಿನಷ್ಟು ಸಣ್ಣದಾಗಿ ತರಗೆಲೆಯ ನಡುವೆ ಕಾದಿರುವುದು ನವೆಂಬರ್–ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಇವೇ. ಕಾಯಿಲೆಯ ಕಾಲವೂ ಅದೇ. ಮುಸಿಯವೋ ಕೆಂಪು ಮೂತಿಯ ಮಂಗವೋ ಸೋಂಕು ತಗುಲಿ ಸತ್ತರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದು, ಆ ಜಾಗವೇ ಅಪಾಯದ ತಾಣವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಕಾಯಿಲೆ ದಾಟುವುದಿಲ್ಲ. ಇನ್ನು ಪೂರ್ತಿ ಬೆಳೆದ ಉಣುಗುಗಳಿಗೆ ಬೇಕಾಗುವುದು ದೊಡ್ಡ ಪ್ರಾಣಿಯ ರಕ್ತ. ಮಲೆನಾಡಿನ ಕಾಡಂಚಿನಲ್ಲಿ ಸುಲಭವಾಗಿ ಸಿಗುವ ದೊಡ್ಡ ಪ್ರಾಣಿ ಕಾಡೆಮ್ಮೆಯಲ್ಲ, ಮೇಯಲು ಬಿಟ್ಟ ದನ.

ದನಕ್ಕೆ ಈ ಕಾಯಿಲೆ ತಾಕುವುದಿಲ್ಲ. ಮುಂದಿನ ಉಣುಗಿಗೆ ದಾಟಿಸುವಷ್ಟು ವೈರಾಣು ಅದರ ರಕ್ತದಲ್ಲಿ ಬೆಳೆಯುವುದೂ ಇಲ್ಲ. ಅದು ಮಾಡುವುದಿಷ್ಟೇ: ಉಣುಗುಗಳಿಗೆ ಊಟ ಹಾಕಿ ಅವುಗಳ ಸಂತತಿ ಹೆಚ್ಚಿಸುತ್ತದೆ. ಬೋಶೆಲ್ 1969ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇದೇ ಆಗಿತ್ತು. ಇವರು ಕೊಲಂಬಿಯಾದವರು. ತಮ್ಮ ದೇಶದ ಕಾಡಿನಲ್ಲಿ ಮರ ಉರುಳಿದಾಗ ತುದಿಕೊಂಬೆಗಳಲ್ಲಿದ್ದ ನೀಲಿ ಸೊಳ್ಳೆಗಳು ಮರ ಕಡಿಯುವವರ ಮೇಲೆ ಮುಗಿಬೀಳುವುದನ್ನು ನೋಡಿ, ಕಾಡಿನ ಹಳದಿ ಜ್ವರದ ಗುಟ್ಟು ಬಿಡಿಸಿದವರು. ಮಲೆನಾಡಿನಲ್ಲಿ ಅವರು ಕಂಡದ್ದೂ ಅಂಥದ್ದೇ ಸಂಗತಿ. ಜನ ಹೆಚ್ಚಿದರು, ಕಾಡಿನೊಳಗೆ ಗದ್ದೆಗಳು ತೂರಿಕೊಂಡವು, ಕಡಿದ ಅಂಚಿನಲ್ಲಿ ಲಂಟಾನದ ಪೊದೆ ಬೆಳೆಯಿತು, ಪೊದೆಯ ಸುತ್ತ ದನ ಮೇಯಿತು. ಕಾಡಿನ ಮೂಲೆಯಲ್ಲಿ ತಣ್ಣಗೆ ಇದ್ದಿರಬಹುದಾದ ವೈರಾಣುವಿಗೆ ಉಣುಗುಗಳ ಸೇನೆ ಸಿಕ್ಕಿತು. ಹಾಗಾದರೆ ಸೈಬೀರಿಯಾದ ಕಡೆ ನೋಡುವ ಅಗತ್ಯವೇ ಇಲ್ಲ.

ಇಷ್ಟನ್ನು ಕಂಡುಕೊಳ್ಳಲು ಹನ್ನೆರಡು ವರ್ಷ ಸಾಕಾಯಿತು. ಆಮೇಲಿನ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಾವು ಸೇರಿಸಿದ್ದು, ಅದರ ಪಕ್ಕದಲ್ಲಿಟ್ಟು ನೋಡಿದರೆ, ಕಡಿಮೆ. ಇದಕ್ಕೆ ಹಣದ ಕೊರತೆ, ಸರ್ಕಾರದ ಉದಾಸೀನ ಎಂದು ಹೇಳಿ ಮುಗಿಸುವುದು ವಾಡಿಕೆ. ಎರಡೂ ನಿಜ. ಆದರೆ ಅದಕ್ಕಿಂತ ಆಳದ ಕಾರಣವೊಂದಿದೆ ಎಂಬುದು ನನ್ನ ವಾದ. ಮೊದಲ ಹನ್ನೆರಡು ವರ್ಷ ಈ ಕಾಯಿಲೆ ಯಾವ ಶಾಸ್ತ್ರಕ್ಕೆ ಸೇರಿದ್ದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಪ್ರಶ್ನೆ ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಜನ ಹೋದರು. ಹೆಸರಿಟ್ಟು, ಕಡತ ತೆರೆದು, ಹಂಚಿಕೆ ಮಾಡಿದ ಮೇಲೆ ಪ್ರಶ್ನೆಗಳು ಚಿಕ್ಕವಾದವು. ಜ್ವರ ಬಂದವರು ಆರೋಗ್ಯ ಇಲಾಖೆಗೆ, ಸತ್ತ ಮಂಗ ಅರಣ್ಯ ಇಲಾಖೆಗೆ, ದನ ಪಶುಪಾಲನಾ ಇಲಾಖೆಗೆ ಸೇರಿದವು. ದನಕ್ಕೆ ಕಾಯಿಲೆಯೇ ಇಲ್ಲವಾದ್ದರಿಂದ ಮೂರನೆಯ ಇಲಾಖೆಗೆ ಕೆಲಸವೇ ಉಳಿಯಲಿಲ್ಲ. ಉಣುಗಂತೂ ಯಾರಿಗೂ ಸೇರಲಿಲ್ಲ.

ಎಲ್ಲ ಭಾರ ಲಸಿಕೆಯ ಮೇಲೆ ಬಿತ್ತು. ರಷ್ಯಾದ ಕಾಯಿಲೆಗೆಂದು ತಯಾರಿಸಿದ್ದ ಲಸಿಕೆಯನ್ನು ಮೊದಮೊದಲು ಇಲ್ಲಿ ಪ್ರಯೋಗಿಸಿದರು, ಅದು ಕೆಲಸಕ್ಕೆ ಬರಲಿಲ್ಲ. ಬಳಿಕ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ನಮ್ಮದೇ ಲಸಿಕೆ ಮಾಡಲಾಯಿತು. 1990ರ ದಶಕದ ಆರಂಭದ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 93ರಷ್ಟು ರಕ್ಷಣೆ ಕಂಡುಬಂತು. 2005ರಿಂದ 2010ರವರೆಗಿನ ಅಂಕಿಅಂಶ ನೋಡಿದಾಗ ಅದೇ ಎರಡು ಡೋಸಿನ ರಕ್ಷಣೆ ಶೇ 62ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿಸಿದರೆ ಶೇ 83. ಅದು ಮನುಷ್ಯರ ಲಸಿಕೆಯಾದರೂ ತಯಾರಾಗುತ್ತಿದ್ದದ್ದು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯ ಜೈವಿಕ ಸಂಸ್ಥೆಯಲ್ಲಿ. ಶಾಸ್ತ್ರಗಳ ಗಡಿ ದಾಟಿದ ಒಂದೇ ಒಂದು ನಿದರ್ಶನ ಇದು ಎಂದು ನಗಬೇಕೋ ಅಳಬೇಕೋ ತಿಳಿಯದು. ಕೊನೆಗೆ 2022ರಲ್ಲಿ ಅದನ್ನು ಕೊಡುವುದೂ ನಿಂತಿತು. ಈಗ ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದೆ.

ಹೊಸ ಲಸಿಕೆ ಬರಲಿ, ಬೇಗ ಬರಲಿ. ಆದರೆ ಹಳೆಯದು ಸೋತದ್ದು ಸೀಸೆಯೊಳಗೆ ಮಾತ್ರವಲ್ಲ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಚುಚ್ಚಿದ ಜಾಗ ನೋಯುತ್ತಿತ್ತು. ನೋವಿನ ಕೈಯಲ್ಲಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತಲಾರ. ಒಂದು ದಿನದ ಕೂಲಿ ಹೋಯಿತೆಂದರೆ ಮುಂದಿನ ಸಲ ಆರೋಗ್ಯ ಕಾರ್ಯಕರ್ತೆ ಬಂದಾಗ ಮನೆಯವರು ತೋಟದಲ್ಲೇ ಉಳಿಯುತ್ತಿದ್ದರು. ಇದನ್ನು ಅಜ್ಞಾನ, ಮೂಢನಂಬಿಕೆ ಎಂದು ಬರೆದುಕೊಳ್ಳುವ ವರದಿಗಳನ್ನು ಓದಿದಾಗ ಸಿಟ್ಟು ಬರುತ್ತದೆ. ಅದು ಲೆಕ್ಕಾಚಾರ. ಇಂಥ ಲೆಕ್ಕಾಚಾರವನ್ನು ಅಭ್ಯಾಸ ಮಾಡುವುದಕ್ಕೆಂದೇ ಅರ್ಥಶಾಸ್ತ್ರವೆಂಬ ಶಾಸ್ತ್ರವಿದೆ. ಮಂಗನ ಕಾಯಿಲೆಯ ಮಾತುಕತೆಗೆ ಅದನ್ನು ಕರೆದವರು ವಿರಳ.

ಇಲ್ಲೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ವಿಜ್ಞಾನ ಇಷ್ಟು ದೂರ ಬಂದದ್ದೇ ಗಡಿ ಹಾಕಿಕೊಂಡು ಆಳಕ್ಕೆ ಇಳಿದುದರಿಂದ. ಮಂಗದ ಮಿದುಳಿನಿಂದ ವೈರಾಣು ಬೇರ್ಪಡಿಸಿದವನು ಬೇರೇನನ್ನೂ ಮಾಡದೆ ಅದನ್ನೇ ಕಲಿತಿದ್ದ. ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ತಿಳಿದವರ ಸಭೆಯಿಂದ ವೈರಾಣುವೂ ಸಿಗುವುದಿಲ್ಲ, ಉಣುಗಿನ ಜಾತಿಯೂ ಗೊತ್ತಾಗುವುದಿಲ್ಲ. ಮನುಷ್ಯ, ಪ್ರಾಣಿ, ಪರಿಸರದ ಆರೋಗ್ಯವನ್ನು ಒಟ್ಟಿಗೆ ನೋಡಬೇಕೆನ್ನುವ ‘ಏಕ ಆರೋಗ್ಯ’ದ ಫಲಕದಡಿ ನಡೆಯುವ ಎಷ್ಟೋ ಕಾರ್ಯಾಗಾರಗಳನ್ನು ನೋಡಿದರೆ ಈ ಮಾತು ಸರಿಯೆನಿಸುತ್ತದೆ. ನಾಲ್ಕು ಇಲಾಖೆಯವರು ಒಂದೇ ಮೇಜಿಗೆ ಕುಳಿತು, ನಾಲ್ಕು ಸ್ಲೈಡು ತೋರಿಸಿ, ಊಟ ಮುಗಿಸಿ ಹೋಗುತ್ತಾರೆ. ನಾನು ಕೇಳುತ್ತಿರುವುದು ಆ ಬಗೆಯ ಬೆರಕೆಯನ್ನಲ್ಲ. ಉಣುಗಿನ ಜಾತಿ ಗುರುತಿಸಬಲ್ಲ ಆಳದ ತಜ್ಞರು ಇನ್ನೂ ಹೆಚ್ಚು ಬೇಕು. ಅಂಥವರು ಕಡಿಮೆಯಾಗುತ್ತಿರುವುದೇ ಒಂದು ಸಂಕಟ. ನನ್ನ ತಕರಾರು ಇರುವುದು ಪ್ರಶ್ನೆ ಯಾರು ಕೇಳುತ್ತಾರೆ ಎಂಬುದರ ಬಗ್ಗೆ. ಉತ್ತರ ಹುಡುಕುವಾಗ ಆಳ ಬೇಕು. ಏನನ್ನು ಹುಡುಕಬೇಕೆಂದು ಗೊತ್ತುಮಾಡುವಾಗ ಒಂದೇ ಶಾಸ್ತ್ರದವರಿದ್ದರೆ, ತಮಗೆ ಉತ್ತರಿಸಲು ಬರುವ ಪ್ರಶ್ನೆಯನ್ನೇ ಅವರು ಕೇಳುತ್ತಾರೆ.

ಅದಕ್ಕೆ ತೆರಬೇಕಾದ ಬೆಲೆ ಎಷ್ಟು ದೊಡ್ಡದಿರಬಹುದು ಎಂಬುದನ್ನು ಮಲೇಷ್ಯಾ ನೋಡಿದೆ. 1998ರಲ್ಲಿ ಇಪೋ ಪಟ್ಟಣದ ಸುತ್ತಿನ ಹಂದಿ ಸಾಕಣೆದಾರರಲ್ಲಿ ಮಿದುಳು ಜ್ವರ ಕಾಣಿಸಿತು. ಹಂದಿ, ಮಿದುಳು ಜ್ವರ ಎಂದೊಡನೆ ಜಪಾನೀಸ್ ಎನ್ಸೆಫಲೈಟಿಸ್ ಎಂದು ತೀರ್ಮಾನಿಸಿ, ಸೊಳ್ಳೆಗೆ ಹೊಗೆ ಹಾಕಿ, ಜನರಿಗೆ ಲಸಿಕೆ ಚುಚ್ಚಿದರು. ಸಾಯುತ್ತಿದ್ದವರು ಹೆಚ್ಚಾಗಿ ದೊಡ್ಡವರು, ಅದೂ ಹಂದಿಯ ಜೊತೆ ಕೆಲಸ ಮಾಡುವವರೇ; ಸೊಳ್ಳೆಯ ಕಾಯಿಲೆಗೆ ಅದು ಹೊಂದುತ್ತಿರಲಿಲ್ಲ. ಹಂದಿಗಳೂ ಕೆಮ್ಮಿ ಸಾಯುತ್ತಿದ್ದವು. 1999ರ ಮಾರ್ಚ್‌ನಲ್ಲಿ ಮಲಯ ವಿಶ್ವವಿದ್ಯಾಲಯದ ವೈರಾಣು ತಜ್ಞ ಚುವಾ ಕಾವ್ ಬಿಂಗ್ ಹೊಸ ವೈರಾಣುವನ್ನು ಪತ್ತೆ ಮಾಡುವ ಹೊತ್ತಿಗೆ ಕಾಯಿಲೆ ಬೇರೆ ರಾಜ್ಯಗಳಿಗೂ ಹಬ್ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಲ್ಲಲಾಯಿತು. ಅದೇ ನಿಪಾ, ಈಗ ಪಕ್ಕದ ಕೇರಳದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತಿರುವುದು.

ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮಾವಿನ ಮರ. ಅಲ್ಲಿನ ದೊಡ್ಡ ಹಂದಿ ಫಾರಂ ಕೊಟ್ಟಿಗೆಗಳ ಪಕ್ಕದಲ್ಲೇ ಮಾವು ಬೆಳೆಸಿತ್ತು. ಹಣ್ಣು ತಿನ್ನಲು ಬಾವಲಿ ಬಂತು, ಕಚ್ಚಿ ಬಿಟ್ಟ ಹಣ್ಣು ಹಂದಿಯ ಬಾಯಿಗೆ ಬಿತ್ತು. ಮಿಶ್ರ ಬೆಳೆಯಿಂದ ಆದಾಯ ಹೆಚ್ಚಿಸಿಕೊಳ್ಳಿ ಎಂಬುದು ಕೃಷಿ ಅರ್ಥಶಾಸ್ತ್ರದ ಒಳ್ಳೆಯ ಸಲಹೆ. ವೈರಾಣುವಿಗೆ ದಾರಿ ಮಾಡಿಕೊಟ್ಟದ್ದೂ ಅದೇ ಸಲಹೆ.

ನಮ್ಮಲ್ಲಿ ಮಾವಿನ ಜಾಗದಲ್ಲಿ ಗೇರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಪಿಗಾಗಿ ಕಾಡು ಕಡಿದರು. ಅದುವರೆಗೆ ಅಲ್ಲಿ ಕೇಳಿರದ ಮಂಗನ ಕಾಯಿಲೆ ಆಮೇಲೆ ಎಷ್ಟು ಭೀಕರವಾಗಿ ಎರಗಿತೆಂದರೆ, 1983–84ರ ಹಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಗೇರು ಬೀಜದ ರಫ್ತಿನಿಂದ ಬರುವ ವಿದೇಶಿ ವಿನಿಮಯದ ಲೆಕ್ಕ ಒಂದು ಪುಸ್ತಕದಲ್ಲಿ, ಸತ್ತವರ ಲೆಕ್ಕ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಕೂಡಿ ಕಳೆಯುವ ಕೆಲಸ ಯಾರ ಪಾಲಿಗೂ ಬರಲಿಲ್ಲ. ಮೂವತ್ತು ವರ್ಷದ ಮೇಲೆ, 2015ರ ಆಸುಪಾಸಿನಲ್ಲಿ, ಕಾಯಿಲೆ ಗೋವಾದ ಸತ್ತರಿ ತಾಲ್ಲೂಕಿಗೆ ಕಾಲಿಟ್ಟಾಗ ಅಲ್ಲಿ ಜ್ವರ ಬಂದವರಲ್ಲಿ ಗೇರು ಹಣ್ಣು ಹೆಕ್ಕುವವರಿದ್ದರು. ಗೇರಿನ ಸುಗ್ಗಿ ಮತ್ತು ಉಣುಗಿನ ಸುಗ್ಗಿ ಒಂದೇ ಕಾಲಕ್ಕೆ ಬರುತ್ತವೆ.

ಶರಾವತಿ ಯೋಜನೆಯನ್ನೂ ಇಲ್ಲಿ ನೆನೆಯಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಎಬ್ಬಿಸಲ್ಪಟ್ಟ ಕುಟುಂಬಗಳಿಗೆ ನೆಲೆ ಸಿಕ್ಕಿದ್ದು ಬಹುಮಟ್ಟಿಗೆ ಕಾಡಿನೊಳಗೆ, ಕಾಡಂಚಿನಲ್ಲಿ. ಅದೇ ಶಿವಮೊಗ್ಗ ಜಿಲ್ಲೆಯಲ್ಲಿ, ಅದೇ ದಶಕದಲ್ಲಿ ಬೋಶೆಲ್ ಕಾಡಂಚಿನ ಹೊಸ ಗದ್ದೆಗಳನ್ನೂ ದನಗಳನ್ನೂ ಕಾಯಿಲೆಯ ಕಾರಣಗಳ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕಾಯಿಲೆ ಅಣೆಕಟ್ಟಿಗಿಂತ ಮೊದಲೇ ಇತ್ತು, ಆದ್ದರಿಂದ ಅಣೆಕಟ್ಟೇ ಕಾರಣವೆಂದು ಹೇಳುವುದು ಮೂರ್ಖತನ. ಆದರೆ ಎಂಜಿನಿಯರುಗಳು ಮೆಗಾವಾಟ್ ಎಣಿಸುವಾಗ, ಊರು ಬಿಟ್ಟವರು ಯಾವ ಉಣುಗಿನ ನಡುವೆ ಹೋಗಿ ಬೀಳುತ್ತಾರೆಂದು ಕೇಳಲು ಸಾಗರದ ಕ್ಷೇತ್ರ ಕೇಂದ್ರದವರನ್ನು ಕರೆಯಬಹುದಿತ್ತು. ಶಿವಮೊಗ್ಗದಿಂದ ಜೋಗಕ್ಕೆ ಹೋಗುವ ದಾರಿಯಲ್ಲೇ ಸಾಗರ ಸಿಗುತ್ತದೆ.

ಈಚಿನ ವರ್ಷಗಳಲ್ಲಿ ಒಂದು ಪ್ರಯತ್ನ ಈ ಜಾಡಿಗೆ ಮರಳಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಬ್ರಿಟನ್ನಿನ ಪರಿಸರ ವಿಜ್ಞಾನಿಗಳು ಹಾಗೂ ನಮ್ಮ ಆರೋಗ್ಯ ಮತ್ತು ಪಶುವೈದ್ಯ ಸಂಸ್ಥೆಗಳು ಕೂಡಿ ಶಿವಮೊಗ್ಗ ಸೀಮೆಯ ಅಪಾಯದ ನಕ್ಷೆ ಮಾಡಿದವು. ಕಾಯಿಲೆ ಹೆಚ್ಚು ಕಾಣುವುದು ದಟ್ಟ ಕಾಡಿನ ನಡುಮಧ್ಯದಲ್ಲಲ್ಲ. ಹಸಿರು ಕಾಡು, ತೋಟ, ನೆಡುತೋಪು, ಹೊಲ ಒಂದರೊಳಗೊಂದು ಹೆಣೆದುಕೊಂಡು, ದನ ಹೆಚ್ಚಿರುವ ಕಡೆ. ಬೋಶೆಲ್ ಕಾಲ್ನಡಿಗೆಯಲ್ಲಿ ಕಂಡದ್ದನ್ನು ಉಪಗ್ರಹ ಚಿತ್ರ, ಅಂಕಿಅಂಶಗಳ ಬಲದಿಂದ ಮತ್ತೆ ಕಂಡಂತಾಯಿತು. ಇದನ್ನು ಹೊಗಳಲೇಬೇಕು. ಆದರೆ ಇಂಥ ಕೆಲಸ ಮೂರು ವರ್ಷದ ಅನುದಾನ ಮುಗಿದ ಕೂಡಲೇ ನಿಂತುಹೋಗುವ ಸ್ವಭಾವದ್ದು. ಉಣುಗಿನ ಕೆಲವು ತಲೆಮಾರುಗಳನ್ನು ಸರಿಯಾಗಿ ಗಮನಿಸಲು ಹಲವು ಮಳೆಗಾಲ ಬೇಕು. ವೈರಾಣುವಿನ ಜೀನೋಮ್ ಓದಿ ಪ್ರಬಂಧ ಬರೆಯಲು ಕೆಲವು ತಿಂಗಳು ಸಾಕು. ಬಡ್ತಿಗೆ ಎಣಿಸುವುದು ಪ್ರಬಂಧಗಳನ್ನು. ಬುದ್ಧಿವಂತ ಸಂಶೋಧನಾ ವಿದ್ಯಾರ್ಥಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ಅವನನ್ನು ದೂರುವಂತೆಯೂ ಇಲ್ಲ.

ಕಾಡಿಗೆ ಹೋಗಬೇಡಿ ಎಂಬ ಸಲಹೆಗೆ ಬರೋಣ. ಪ್ರತಿ ವರ್ಷ ಡಿಸೆಂಬರಿನಲ್ಲಿ ಕರಪತ್ರದಲ್ಲಿ ಅಚ್ಚಾಗುವ ಸಲಹೆ ಅದು. ಹೋಗಲೇಬೇಕಾದರೆ ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಸೈನಿಕರಿಗಾಗಿ ರೂಪಿಸಿದ ಡೆಪಾ ಎಣ್ಣೆ. ಆದರೆ ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗದೆ ಮಲೆನಾಡಿನ ಸಣ್ಣ ಹಿಡುವಳಿದಾರ ಬದುಕುವುದು ಹೇಗೆ? ಕೊಟ್ಟಿಗೆಗೆ ದರಗು (ತರಗೆಲೆ) ಗುಡಿಸಿ ತರುವುದು, ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿಯುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು ಎಲ್ಲ ಆ ಆರು ತಿಂಗಳಲ್ಲೇ. ಈ ಸಲಹೆ ಪಾಲಿಸಿದರೆ ಒಂದು ಕುಟುಂಬಕ್ಕೆ ಎಷ್ಟು ನಷ್ಟ? ಅದನ್ನು ತುಂಬಿಕೊಡಲು ಸರ್ಕಾರಕ್ಕೆ ಎಷ್ಟು ಖರ್ಚು? ಒಬ್ಬ ರೋಗಿ ಮಣಿಪಾಲದ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿದರೆ ಆಗುವ ಖರ್ಚಿಗೆ ಹೋಲಿಸಿದರೆ ಅದು ಹೆಚ್ಚೋ ಕಡಿಮೆಯೋ? ನೂರಕ್ಕೆ ಮೂರರಿಂದ ಐದು ರೋಗಿಗಳನ್ನು ಕೊಲ್ಲುವ ಕಾಯಿಲೆಯ ಬಗ್ಗೆ ಇವು ಚಿಲ್ಲರೆ ಪ್ರಶ್ನೆಗಳಲ್ಲ.

ದನದ ಕಡೆಯಿಂದಲೂ ಇದೇ ಬಗೆಯ ಪ್ರಶ್ನೆಯಿದೆ. ಕಾಡಿನಲ್ಲಿ ಮೇಯ್ದು ಬರುವ ಮಲೆನಾಡು ಗಿಡ್ಡದ ಜಾಗದಲ್ಲಿ ಡೇರಿಗೆ ಹಾಲು ಹಾಕುವ ಮಿಶ್ರತಳಿ ಬಂದು ಕೊಟ್ಟಿಗೆಯಲ್ಲೇ ಕಟ್ಟಿಸಿಕೊಂಡಿದೆ. ಹಾಲಿನ ದರ, ಹಿಂಡಿಯ ಬೆಲೆ, ಮೇಯಿಸಲು ಆಳು ಸಿಗದಿರುವುದು, ಇವೆಲ್ಲ ಸೇರಿ ಕಾಡಂಚಿನ ಉಣುಗುಗಳ ಊಟವನ್ನು ಬದಲಿಸುತ್ತಿವೆ. ಕೊಟ್ಟಿಗೆಯ ಹಸುವಿಗೂ ಹಾಸಲು ದರಗು ಬೇಕು. ದನ ಉಣುಗಿನ ಬಳಿಗೆ ಹೋಗದಿದ್ದರೂ ಉಣುಗು ಬುಟ್ಟಿಯಲ್ಲಿ ಕುಳಿತು ಮನೆಗೆ ಬರುತ್ತದೆ. ಇದರಿಂದ ಕಾಯಿಲೆ ಕಡಿಮೆಯಾಗುತ್ತದೆಯೋ, ದನ ಮೇಯಿಸುವ ಗಂಡಸರಿಂದ ದರಗು ತರುವ ಹೆಂಗಸರ ಕಡೆಗೆ ಸರಿಯುತ್ತದೆಯೋ ಎಂದು ತಿಳಿಯಲು ಪಶುವೈದ್ಯರು, ಕೀಟಶಾಸ್ತ್ರಜ್ಞರು, ಮನೆಮನೆಗೆ ಹೋಗಿ ಲೆಕ್ಕ ಕೇಳುವ ಅರ್ಥಶಾಸ್ತ್ರಜ್ಞರು ಒಂದೇ ಹಳ್ಳಿಯಲ್ಲಿ ನಾಲ್ಕೈದು ಮಳೆಗಾಲ ಇರಬೇಕು.

ಹೊಸ ಲಸಿಕೆಯ ದೊಡ್ಡ ಕ್ಷೇತ್ರ ಪ್ರಯೋಗ ಎಂದಾದರೊಂದು ದಿನ ಮಲೆನಾಡಿನ ಹಳ್ಳಿಗಳಲ್ಲಿ ನಡೆಯಲೇಬೇಕು. ಸಾವಿರಾರು ಜನರನ್ನು ಹೆಸರು ಹಿಡಿದು ಎಣಿಸಿ, ಹಲವು ವರ್ಷ ಬೆನ್ನುಹತ್ತಿ ನೋಡುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಎಷ್ಟು ಜನರ ರಕ್ತದಲ್ಲಿ ಪ್ರತಿಕಾಯ ಬೆಳೆಯಿತು ಎಂಬುದನ್ನು ಹೇಗೂ ಅಳೆಯುತ್ತಾರೆ. ಅದೇ ಮನೆಗಳಲ್ಲಿ ದನ ಎಷ್ಟು, ಅವು ಮೇಯುವುದೆಲ್ಲಿ, ದರಗು ತರುವವರು ಯಾರು, ಬೂಸ್ಟರ್ ತಪ್ಪಿಸಿಕೊಂಡವರ ಆ ದಿನದ ಕೂಲಿ ಎಷ್ಟಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನೂ, ಹಳ್ಳಿಗೊಂದು ಜಾಗದಲ್ಲಿ ನೆಲದ ಮೇಲೆ ಬಟ್ಟೆ ಎಳೆದು ಎಣಿಸಿದ ಉಣುಗುಗಳ ಸಂಖ್ಯೆಯನ್ನೂ ಆ ನಮೂನೆಗೆ ಸೇರಿಸಲು ಬೇಕಾಗುವ ಹೆಚ್ಚುವರಿ ಹಣ ಅಲ್ಪ. ಪ್ರಯೋಗದ ಕರಡನ್ನು ಒಪ್ಪುವ ಸಮಿತಿಯಲ್ಲಿ ಸಾಮಾನ್ಯವಾಗಿ ವೈದ್ಯರು ಇರುತ್ತಾರೆ, ಸಂಖ್ಯಾಶಾಸ್ತ್ರಜ್ಞರು ಇರುತ್ತಾರೆ. ಅಲ್ಲಿಗೆ ಒಬ್ಬ ಪಶುವೈದ್ಯರನ್ನೂ ಒಬ್ಬ ಅರ್ಥಶಾಸ್ತ್ರಜ್ಞರನ್ನೂ ಸೇರಿಸಬೇಕು, ಅದೂ ಕರಡು ಒಪ್ಪಿಗೆಗೆ ಬಂದ ಮೇಲಲ್ಲ, ಬರೆಯುವಾಗಲೇ.